ವೀರಾಗ್ರಣಿಯ ಹೆಸರೆಲ್ಲಿ?

ಪ್ರತಿವರ್ಷವೂ ನಮ್ಮ ಕಾಲೇಜಿನ ಕ್ರೀಡಾಕೂಟ ಮುಗಿದ ಸಂಜೆ ಧ್ವನಿವರ್ಧಕದಲ್ಲಿ ಒಂದು ಹೆಸರನ್ನು ಕೂಗುತ್ತಾರೆ. ಓಟ, ಜಿಗಿತ, ಎಸೆತಗಳಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಗಳಿಸಿದವರೇ ಆ ವರ್ಷದ ವೈಯಕ್ತಿಕ ವೀರಾಗ್ರಣಿ. ಚಪ್ಪಾಳೆಯಾಗುತ್ತದೆ, ಛಾಯಾಚಿತ್ರವಾಗುತ್ತದೆ. ಆದರೆ ಐದು ವರ್ಷಗಳ ಹಿಂದಿನ ವೀರಾಗ್ರಣಿ ಯಾರೆಂದು ಕೇಳಿದರೆ ನನ್ನ ಜೊತೆಯವರಲ್ಲಿ ಉತ್ತರ ಕೊಡುವವರಿಲ್ಲ. ಈ ಮರೆವು ಸಣ್ಣ ವಿಷಯವಲ್ಲವೆಂಬುದು ನನ್ನ ಅಭಿಪ್ರಾಯ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮ ನೆಲ ಆಟಕ್ಕೆ ಹೊಸತಲ್ಲ. ಕಲ್ಯಾಣವನ್ನು ರಾಜಧಾನಿಯಾಗಿಟ್ಟುಕೊಂಡು 1126ರಿಂದ 1138ರವರೆಗೆ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವೆಂಬ ಗ್ರಂಥವನ್ನು ರಚಿಸಿದನು. ಅದರ ಮಲ್ಲವಿನೋದವೆಂಬ ಭಾಗದಲ್ಲಿ ಜಟ್ಟಿಗಳನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ದರ್ಜೆಯಾಗಿ ವಿಂಗಡಿಸಿದ್ದಾನೆ. ಅವರ ಆಹಾರ, ಸಾಧನೆ, ಪಟ್ಟುಗಳನ್ನೂ ಹೇಳಿದ್ದಾನೆ. ದರ್ಜೆಗಳ ಹೆಸರು ಸುಮಾರು ಒಂಬತ್ತು ಶತಮಾನ ಉಳಿದುಬಂದಿದೆ. ಆದರೆ ಆ ದರ್ಜೆಗೇರಿದ ಜಟ್ಟಿಗಳಲ್ಲಿ ಎಷ್ಟು ಜನರ ಹೆಸರನ್ನು ನಾವು ಬಲ್ಲೆವು? ಹೋರಾಡಿ ಮಡಿದವನಿಗೆ ವೀರಗಲ್ಲು ನಿಲ್ಲಿಸಿದ ನಾಡು, ಆಡಿ ಗೆದ್ದವನ ಹೆಸರನ್ನು ಬರೆದಿಡಲು ಏಕೆ ಹಿಂಜರಿಯಬೇಕು?

ನಮ್ಮ ಮನೆಯ ಮಾತನ್ನೇ ಹೇಳುತ್ತೇನೆ. ಬಸವಕಲ್ಯಾಣ, ಹುಮನಾಬಾದ ಸೀಮೆಯ ಜಾತ್ರೆಗಳಲ್ಲಿ ತೆಂಗಿನಕಾಯಿಯ ಕುಸ್ತಿಯಿಂದ ಆರಂಭವಾಗಿ ಕೊನೆಗೆ ಬೆಳ್ಳಿ ಕಡಗದ ಕುಸ್ತಿ ನಡೆಯುವುದುಂಟು. ಆ ಕಡಗ ಗೆದ್ದವನೇ ಆ ಜಾತ್ರೆಯ ಮೇಲಾದ ಪೈಲವಾನ. ನನ್ನ ತಂದೆ ಪ್ರಾಯದಲ್ಲಿ ಅಂಥದೊಂದು ಕಡಗ ಗೆದ್ದಿದ್ದರು. ನಾನು ಬಿ.ಎ. ತರಗತಿಗೆ ಸೇರುವಾಗ ಕೈಯಲ್ಲಿ ಹಣವಿರಲಿಲ್ಲ. ಕಡಗವನ್ನು ಮಾರಲು ತಂದೆಯವರ ಜೊತೆ ನಾನೂ ಪೇಟೆಗೆ ಹೋದೆ. ಅಂಗಡಿಯವರು ತಿರುಗಿಸಿ ನೋಡಿದರು. ಅದರ ಮೇಲೆ ಹೆಸರಿರಲಿಲ್ಲ, ಊರಿರಲಿಲ್ಲ, ವರ್ಷವಿರಲಿಲ್ಲ. ತೂಗಿ ಬೆಳ್ಳಿಯ ಬೆಲೆ ಕೊಟ್ಟರು. ಹೊರಬಂದ ಮೇಲೆ, “ಅಪ್ಪಾ, ಇದು ಯಾವ ವರ್ಷದ್ದು?” ಎಂದು ಕೇಳಿದೆ. “ಬರದಿಟ್ಟವರು ಯಾರ್ ಯವ್ವಾ? ನೋಡಿದವರಿಗೆ ಗೊತ್ತದ” ಎಂದರು. ನೋಡಿದವರಲ್ಲಿ ಹಲವರು ಈಗ ಇಲ್ಲ. ನಮ್ಮ ಮನೆತನದಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನು. ಆ ಮೆಟ್ಟಿಲಿಗೆ ತೆತ್ತ ಗೆಲುವಿಗೆ ಇಂದು ಒಂದು ಚೀಟಿಯ ಸಾಕ್ಷಿಯೂ ಇಲ್ಲ.

ಬರೆದಿಡುವ ಜನರೂ ಜಗತ್ತಿನಲ್ಲಿದ್ದಾರೆ. ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ದೊಡ್ಡ ಲೀಗುಗಳ ಕೆಳಗೆ ಚಿಕ್ಕ ಲೀಗುಗಳಿವೆ. ಅವೂ ತಮ್ಮ ಶ್ರೇಷ್ಠ ಆಟಗಾರನನ್ನು ಆರಿಸುತ್ತವೆ. ಇಂಟರ್‌ನ್ಯಾಷನಲ್ ಲೀಗಿನ ಅಂಥ ಪಟ್ಟಿ 1932ರಿಂದ ಆರಂಭವಾಗುತ್ತದೆ. ಮುಂದೆ ದೊಡ್ಡ ಲೀಗಿನಲ್ಲಿ ಹೆಸರಾಗದವನ ಗೆಲುವೂ ಅಲ್ಲಿ ಅಳಿಯುವುದಿಲ್ಲ. ಬರೆದಿಟ್ಟರೆ ತಪ್ಪನ್ನು ತಿದ್ದುವುದೂ ಸಾಧ್ಯ. ದೊಡ್ಡ ಲೀಗಿನ ಶ್ರೇಷ್ಠ ಆಟಗಾರನ ಫಲಕದ ಮೇಲೆ 1944ರಿಂದ ಲ್ಯಾಂಡಿಸ್ ಎಂಬ ಆಡಳಿತಗಾರರ ಹೆಸರಿತ್ತು. ಅವರ ಅಧಿಕಾರದ ಕಾಲವೆಲ್ಲ ಕಪ್ಪು ಜನಾಂಗದ ಒಬ್ಬ ಆಟಗಾರನಿಗೂ ಆ ಲೀಗುಗಳಲ್ಲಿ ಪ್ರವೇಶವಿರಲಿಲ್ಲ. 1947ರಲ್ಲಿ ಆ ಬಾಗಿಲನ್ನು ತೆರೆದ ಜಾಕಿ ರಾಬಿನ್‌ಸನ್ ಅವರೇ 1949ರಲ್ಲಿ ಆ ಪ್ರಶಸ್ತಿಯನ್ನು ಪಡೆದರು. 2020ರಲ್ಲಿ ಲ್ಯಾಂಡಿಸ್ ಹೆಸರನ್ನು ಫಲಕದಿಂದ ತೆಗೆದುಹಾಕಲಾಯಿತು. ಯಾರು ಗೆದ್ದರು ಎಂಬುದರ ಜೊತೆಗೆ ಯಾರನ್ನು ಹೊರಗಿಟ್ಟಿದ್ದರು ಎಂಬುದನ್ನೂ ಪಟ್ಟಿಯೇ ತೋರಿಸಿಕೊಡುತ್ತದೆ.

ನಮ್ಮ ದೇಶದಲ್ಲಿಯೂ 1961ರಿಂದ ಅರ್ಜುನ ಪ್ರಶಸ್ತಿಯಿದೆ. ನಮ್ಮ ರಾಜ್ಯ ಸರ್ಕಾರದ ಏಕಲವ್ಯ ಪ್ರಶಸ್ತಿಯಿದೆ. ಗ್ರಾಮೀಣ ಆಟಗಳಿಗೆಂದು ಕ್ರೀಡಾರತ್ನ ಪ್ರಶಸ್ತಿಯೂ ಇದೆ. ಅವುಗಳ ಪಟ್ಟಿಯನ್ನು ಸರ್ಕಾರ ಇಟ್ಟುಕೊಳ್ಳಲಿ. ಜಾತ್ರೆಯ, ತಾಲೂಕಿನ, ಕಾಲೇಜಿನ ಪಟ್ಟಿಯನ್ನು ನಾವಲ್ಲದೆ ಇನ್ನಾರು ಇಡಬೇಕು? ಅದರಲ್ಲಿಯೂ ನಮ್ಮ ಜಿಲ್ಲೆ ಹಲವು ಕೈ ದಾಟಿ ಬಂದುದು. 1956ರವರೆಗೆ ಹೈದರಾಬಾದು ರಾಜ್ಯದಲ್ಲಿತ್ತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬಂತು. 2023ರಲ್ಲಿ ಬೀದರ ವಿಶ್ವವಿದ್ಯಾಲಯ ಬಂತು. ಕಚೇರಿ ಬದಲಾದಾಗ ಕಡತಗಳು ಅಲ್ಲೊಂದು ಇಲ್ಲೊಂದು ಉಳಿಯುತ್ತವೆ. ಕಾಲೇಜು ಮಾತ್ರ ಇದ್ದಲ್ಲಿಯೇ ಇರುತ್ತದೆ.

“ಓದಲು ಬಂದವರಿಗೆ ಆಟದ ಚರಿತ್ರೆ ಏಕೆ?” ಎಂದು ಕೆಲವು ಮಿತ್ರರು ಕೇಳುತ್ತಾರೆ. ಅವರ ಪ್ರಶ್ನೆ ತಪ್ಪಲ್ಲ; ನಮ್ಮಂಥವರಿಗೆ ಪರೀಕ್ಷೆಯೇ ಮೊದಲು. ಆದರೆ ಚರಿತ್ರೆಯ ತರಗತಿಯಲ್ಲಿ ಶಾಸನಗಳನ್ನು ಓದುವ ನಾವು, ಬರೆದಿಟ್ಟದ್ದರಿಂದಲೇ ಹಿಂದಿನವರನ್ನು ಬಲ್ಲೆವೆಂಬುದನ್ನು ಮರೆಯಬಾರದು. ನನ್ನ ವರ್ಗದಲ್ಲಿ ಗುಂಡು ಎಸೆಯುವ ಹುಡುಗಿಯೊಬ್ಬಳಿದ್ದಾಳೆ. ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದು, ತರಗತಿಗೆ ಮುನ್ನ ಅಭ್ಯಾಸ ಮಾಡುತ್ತಾಳೆ. ನಾಳೆ ಮದುವೆಯಾಗಿ ಬೇರೆ ಊರಿಗೆ ಹೋದರೆ, ಆಕೆ ಇಲ್ಲಿ ಎಷ್ಟು ದೂರ ಎಸೆದಳೆಂಬುದನ್ನು ಆಕೆಯ ಮಕ್ಕಳಿಗೆ ಹೇಳುವವರಾರು?

ಇದಕ್ಕೆ ಹೆಚ್ಚಿನ ವೆಚ್ಚ ಬೇಕಿಲ್ಲ. ಗಟ್ಟಿ ರಟ್ಟಿನ ಒಂದು ದಾಖಲೆ ಪುಸ್ತಕ ಸಾಕು. ವರ್ಷ, ಹೆಸರು, ಊರು, ಆಟ, ಗೆದ್ದ ದೂರ ಅಥವಾ ಸಮಯ. ಕೆಳಗೆ ಪ್ರಾಚಾರ್ಯರ ಮತ್ತು ದೈಹಿಕ ಶಿಕ್ಷಣ ನಿರ್ದೇಶಕರ ರುಜು. ಹುಡುಗರಿಗೊಂದು, ಹುಡುಗಿಯರಿಗೊಂದು ಪುಟವಿರಲಿ. ಆ ಪಟ್ಟಿ ಪ್ರತಿವರ್ಷವೂ ಈ ಸಂಚಿಕೆಯಲ್ಲಿ ಅಚ್ಚಾಗಲಿ. ಹಳೆಯ ವಿದ್ಯಾರ್ಥಿಗಳನ್ನು ಕೇಳಿ ಹಿಂದಿನ ಹೆಸರುಗಳನ್ನು ಕೂಡಿಸುವ ಕೆಲಸಕ್ಕೆ, ಪರೀಕ್ಷೆ ಮುಗಿದ ಮೇಲೆ ನಾನು ಬರಲು ಸಿದ್ಧಳಿದ್ದೇನೆ. ತಂದೆಯವರ ಕಡಗ ತಿರುಗಿ ಬರಲಾರದು. ಮುಂದೆ ಗೆಲ್ಲುವವರ ಹೆಸರಾದರೂ ಉಳಿಯಲಿ ಎಂಬುದೇ ನನ್ನ ವಿನಂತಿ.