ಯಾಣಕ್ಕೆ ಬೆಂಕಿ ಹಚ್ಚಬೇಡಿ

ಶಿರಸಿಯಿಂದ ಹೆಗಡೆಕಟ್ಟಾ ಹಾದು ಯಾಣಕ್ಕೆ ಹೋದವರಲ್ಲಿ ಹಲವರು ಆ ಕರಿ ಶಿಖರಗಳನ್ನು ಕಂಡದ್ದೇ ತಡ, ‘ಇದು ಹಳೇ ಜ್ವಾಲಾಮುಖಿ’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಅವರನ್ನು ದೂರುವಂತಿಲ್ಲ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, ಬುಡದಲ್ಲಿ ಕಪ್ಪು ಮಣ್ಣು, ಸಾಲದ್ದಕ್ಕೆ ಭಸ್ಮಾಸುರ ಇಲ್ಲೇ ಬೂದಿಯಾದನೆಂಬ ಕಥೆ. ಬೆಂಕಿ ಬಿದ್ದ ಜಾಗ ಅನ್ನಿಸಲು ಇನ್ನೇನು ಬೇಕು?

ಆದರೆ ಯಾಣದ್ದು ಸುಣ್ಣದ ಕಲ್ಲು. ನೀರಿನ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣ ಮುಂದೆ ಶಾಖ, ಒತ್ತಡಕ್ಕೆ ಸಿಕ್ಕಿ ಹರಳುಗಟ್ಟಿತು. ಆಮೇಲೆ ಘಟ್ಟದ ಮಳೆ ಅದನ್ನು ಕರಗಿಸಿ, ಕೊರೆದು ಈ ಮೊನೆಗಳನ್ನು ಎಬ್ಬಿಸಿತು. ನಮ್ಮ ಕವಳದ ಸುಣ್ಣಕ್ಕೆ ಈ ಬಂಡೆ ನೆಂಟನೇ ಹೊರತು ಲಾವಾಕ್ಕಲ್ಲ.

ಭೂಮಿಯ ಹೊಟ್ಟೆ ತುಂಬ ಲಾವಾ ಕುದಿಯುತ್ತಿದೆ, ಬಿರುಕು ಸಿಕ್ಕಲ್ಲಿ ಉಕ್ಕುತ್ತದೆ ಎಂಬುದೂ ಇಂಥದೇ ನಂಬಿಕೆ. ಕೋಲಾರದ ಚಿನ್ನದ ಗಣಿಯಲ್ಲಿ ನಾವು ಇಳಿದದ್ದು 3.2 ಕಿ.ಮೀ. ಮಾತ್ರ, ಭೂಕೇಂದ್ರ ಇರುವುದು 6,371 ಕಿ.ಮೀ. ಆಳದಲ್ಲಿ. ಒಳಗಿನ ಸುದ್ದಿ ತರುವುದು ಭೂಕಂಪದ ಅಲೆಗಳು. ದ್ರವದೊಳಗೆ ಹೋಗಲಾರದ ಒಂದು ಬಗೆಯ ಅಲೆ ಸುಮಾರು 2,900 ಕಿ.ಮೀ.ವರೆಗೂ ಸಲೀಸಾಗಿ ಇಳಿಯುತ್ತದೆ. ಎಂದರೆ ಅಲ್ಲಿಯವರೆಗೆ ಇರುವುದು ಬಹುಪಾಲು ಗಟ್ಟಿ ಕಲ್ಲೇ. ಅದರ ಕೆಳಗೆ ದ್ರವರೂಪದ ಕಬ್ಬಿಣ. ಅದಕ್ಕೂ ಒಳಗೆ ಮತ್ತೆ ಗಟ್ಟಿ ಗೋಳವಿದೆಯೆಂದು 1936ರಲ್ಲಿ ತೋರಿಸಿದವರು ಡೆನ್ಮಾರ್ಕಿನ ಇಂಗೆ ಲೇಮನ್. ಆದರೆ ಜ್ವಾಲಾಮುಖಿಯ ಲಾವಾ ಆ ಕಬ್ಬಿಣದ್ದಲ್ಲ. ಆಳದ ಬಿಸಿ ಕಲ್ಲು ನಿಧಾನವಾಗಿ ಮೇಲೇರುತ್ತದೆ. ಮೇಲಿನ ಭಾರ ಇಳಿದಂತೆ, ಶಾಖ ಹೆಚ್ಚದಿದ್ದರೂ, ಅದರ ಒಂದಂಶ ಕರಗುತ್ತದೆ. ಕಲ್ಲನ್ನು ಬಿಗಿಹಿಡಿದದ್ದು ಒತ್ತಡ! ನಮ್ಮ ಕಾಲಡಿಯ ನೆಲ ಬಹಳ ಹಳೆಯದು, ದಪ್ಪ, ತಣ್ಣಗಿನದು. ಇಲ್ಲಿ ಹಾಗೆ ಮೇಲೇರಲು ಈಗ ಆಸ್ಪದವಿಲ್ಲ. ಭಾರತದಲ್ಲಿ ಇಂದಿಗೂ ಉಗುಳುತ್ತಿರುವುದು ಅಂಡಮಾನಿನ ಬ್ಯಾರನ್ ದ್ವೀಪ.

ಹಿಂದೆ ಮಾತ್ರ ಕರ್ನಾಟಕ ಬೇಕಾದಷ್ಟು ಲಾವಾ ಕಂಡಿದೆ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ನೀರಿನಡಿ ಉಕ್ಕಿ, ದಿಂಬುಗಳಾಗಿ ಗಟ್ಟಿಯಾದ ಲಾವಾಕ್ಕೆ ಸುಮಾರು 250 ಕೋಟಿ ವರ್ಷ. ಬೆಳಗಾವಿಯ ಕಡೆಯ ದಖ್ಖನ್ ಲಾವಾ 6.6 ಕೋಟಿ ವರ್ಷದ್ದು. ಮಡಗಾಸ್ಕರ್ ನಮ್ಮಿಂದ ಕಳಚಿಕೊಂಡ ಕಾಲದ, ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಬಗಳಾಗಿ ನಿಂತಿದೆ.

ಲಾವಾ ನೋಡುವ ಆಸೆಯಿದ್ದವರು ಮಲ್ಪೆಯ ದೋಣಿ ಹತ್ತಿ. ಯಾಣಕ್ಕೆ ಸುಣ್ಣದ ಕಲ್ಲು ನೋಡಲು ಬನ್ನಿ.