ಹೆಗಲಿಗೆ ತಕ್ಕ ಗಣಕಯಂತ್ರ

ವಸ್ತುವನ್ನು ಕೊಳ್ಳುವುದೂ ಒಂದು ವಿದ್ಯೆಯೇ ಸರಿ. ಆ ವಿದ್ಯೆ ನಮ್ಮ ಹಿರಿಯರಿಗೆ ಚೆನ್ನಾಗಿ ತಿಳಿದಿತ್ತು. ಹಸುವನ್ನು ಕೊಳ್ಳಲು ಜಾತ್ರೆಗೆ ಹೋದ ರೈತನು ಅದರ ಕೊಂಬಿಗೆ ಬಳಿದ ಬಣ್ಣವನ್ನು ನೋಡಿ ಹಣ ಎಣಿಸುವುದಿಲ್ಲ. ಹಲ್ಲು ಹಿಡಿದು ನೋಡುತ್ತಾನೆ. ಕೆಚ್ಚಲು ಮುಟ್ಟಿ ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಸಾಧ್ಯವಾದರೆ ಒಂದು ಹೊತ್ತು ಹಾಲು ಕರೆದೂ ನೋಡುತ್ತಾನೆ. ಅದೇ ರೈತನ ಮಗನೋ ಮಗಳೋ ಇಂದು ಹೆಚ್ಚುಕಡಿಮೆ ಒಂದು ಕರೆಯುವ ಹಸುವಿನ ಬೆಲೆಯನ್ನೇ ತೆತ್ತು ಲ್ಯಾಪ್‌ಟಾಪ್ ತರುವಾಗ ಮಾತ್ರ, ಕೈಯಿಂದ ಎತ್ತಿಯೂ ನೋಡದೆ, ಜಾಹೀರಾತಿನ ಮಾತನ್ನೇ ನಂಬಿ ತಂದುಬಿಡುತ್ತಾರೆ. ಈ ವಿಷಯವಾಗಿ ನನಗೆ ತೋರಿದ ನಾಲ್ಕು ಮಾತುಗಳನ್ನು ಸಹಪಾಠಿಗಳ ಮುಂದಿಡುವುದು ಈ ಲೇಖನದ ಉದ್ದೇಶ. ಗುರುಗಳು ಇದನ್ನು ಓದಿ ತಿದ್ದಿದರೆ ಸಂತೋಷ.

ನಮ್ಮ ಕಾಲೇಜಿನಲ್ಲಿ ಬಲವಾಗಿ ಬೇರೂರಿರುವ ಅಭಿಪ್ರಾಯವೊಂದಿದೆ. ಕೊಟ್ಟ ಹಣಕ್ಕೆ ದೊಡ್ಡ ಪರದೆ, ಹೆಚ್ಚು ವೇಗ, ಆಟವಾಡಲು ಬೇಕಾದ ಚಿತ್ರಶಕ್ತಿ ಇವೆಲ್ಲ ಸಿಗುವ ಯಂತ್ರವೇ ಲಾಭದ ಯಂತ್ರ ಎಂಬುದು ಆ ಅಭಿಪ್ರಾಯ. ನನ್ನ ಮತ ಇದಕ್ಕೆ ವಿರುದ್ಧವಾದುದು. ನಾವು ಕಲಾ ವಿಭಾಗದ ವಿದ್ಯಾರ್ಥಿಗಳು. ಬರೆಯುವುದು, ಓದುವುದು, ಪುಸ್ತಕದ ಪುಟಗಳ ಪ್ರತಿಗಳನ್ನು ಕೂಡಿಸಿಡುವುದು, ಒಂದೆರಡು ಕೋಷ್ಟಕಗಳನ್ನು ತಯಾರಿಸುವುದು. ನಮ್ಮ ಕೆಲಸ ಬಹುಮಟ್ಟಿಗೆ ಇಷ್ಟೇ. ಇಷ್ಟು ಕೆಲಸಕ್ಕೆ ಬೇಕಾದ ವೇಗ ಇಂದಿನ ಸಾಧಾರಣ ಯಂತ್ರದಲ್ಲಿಯೂ ಇದೆ. ನಮಗೆ ಸಾಲದೆ ಇರುವುದು ವೇಗವಲ್ಲ. ಯಂತ್ರವು ನಮ್ಮೊಡನೆ ಇರಬೇಕಾದ ಹೊತ್ತಿನಲ್ಲಿ ಇರುವುದಿಲ್ಲ ಎಂಬುದೇ ನಮ್ಮ ಕೊರತೆ.

ನಾನು ಇತಿಹಾಸದ ವಿದ್ಯಾರ್ಥಿ. ದಿನವೂ ಊರಿನಿಂದ ಬಸ್ಸಿನಲ್ಲಿ ಬಂದು ಹೋಗುವವನು. ರಜೆ ಬಂದರೆ ಸುತ್ತಲ ಹಳ್ಳಿಗಳಿಗೆ ಹೋಗಿ, ಕೆರೆಕಟ್ಟೆಗಳ ವಿಷಯವಾಗಿ ಹಿರಿಯರು ಹೇಳುವುದನ್ನು ಬರೆದುಕೊಳ್ಳುವ ಹವ್ಯಾಸವೂ ನನಗುಂಟು. ಆದುದರಿಂದ ತೂಕದ ಲೆಕ್ಕ ನನಗೆ ಪುಸ್ತಕದ ಲೆಕ್ಕವಲ್ಲ, ಹೆಗಲಿನ ಲೆಕ್ಕ. ಹದಿನೈದೂವರೆ ಅಂಗುಲ ಪರದೆಯ ಆಟದ ಯಂತ್ರವೊಂದು ಸುಮಾರು 2.3 ಕಿಲೋ ತೂಗುತ್ತದೆ. ಅದರ ಚಾರ್ಜರು ಇಟ್ಟಿಗೆಯಂತೆ ಇನ್ನೊಂದು ಅರ್ಧ ಕಿಲೋ. ಮೂಗಿಗಿಂತ ಮೂಗುತಿ ಭಾರವೆಂಬಂತೆ. ಎರಡೂ ಸೇರಿದರೆ ಮೂರು ಲೀಟರು ನೀರನ್ನು ಹೊತ್ತಂತೆ. ಹದಿಮೂರು ಅಂಗುಲದ ಹಗುರವಾದ ಯಂತ್ರವಾದರೆ ಚಾರ್ಜರು ಸೇರಿ ಒಂದೂವರೆ ಕಿಲೋದೊಳಗೇ ಮುಗಿಯುತ್ತದೆ. 2023ರ ಜೂನ್ ತಿಂಗಳಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಸಹಪಾಠಿನಿಯರಿಗೆ ಸರ್ಕಾರಿ ಬಸ್ಸಿನ ಖರ್ಚು ತಪ್ಪಿತು. ಆದರೆ ನಿಂತು ಬರುವಾಗ ಹೆಗಲ ಮೇಲಿನ ಭಾರವನ್ನು ಇಳಿಸುವ ಯೋಜನೆಯನ್ನು ಯಾವ ಸರ್ಕಾರವೂ ತರಲಾರದು. ಅದನ್ನು ಕೊಳ್ಳುವಾಗಲೇ ನಾವು ಯೋಚಿಸಬೇಕು. ಭಾರವಾದ ಯಂತ್ರ ಮೊದಲ ತಿಂಗಳು ಕಾಲೇಜಿಗೆ ಬರುತ್ತದೆ. ಎರಡನೆಯ ತಿಂಗಳು ವಾರಕ್ಕೊಮ್ಮೆ ಬರುತ್ತದೆ. ಮೂರನೆಯ ತಿಂಗಳಿನಿಂದ ಮನೆಯ ಮೇಜಿನ ಮೇಲೆ ಪ್ರತಿಷ್ಠಾಪನೆಯಾಗುತ್ತದೆ. ಮನೆಯಲ್ಲಿ ಬಿಟ್ಟು ಬಂದ ಯಂತ್ರಕ್ಕೆ ಎಷ್ಟು ಶಕ್ತಿ ಇದ್ದರೇನು?

ಹಾಗೆಂದು ಹಗುರವಾದುದೆಲ್ಲ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಈ ಯಂತ್ರಗಳ ಚರಿತ್ರೆಯೇ ಅದಕ್ಕೆ ಸಾಕ್ಷಿ. 1981ರಲ್ಲಿ ಅಮೆರಿಕದಲ್ಲಿ ಬಂದ ಆಸ್‌ಬಾರ್ನ್ ಯಂತ್ರವು ಹೊತ್ತೊಯ್ಯುವ ಕಂಪ್ಯೂಟರೆಂದು ಹೆಸರಾಯಿತು. ಅದರ ತೂಕ ಸುಮಾರು 11 ಕಿಲೋ, ಪರದೆ 5 ಅಂಗುಲ! ಹೊಲಿಗೆ ಯಂತ್ರದ ಪೆಟ್ಟಿಗೆಯನ್ನು ಹೊತ್ತಂತೆ ಹೊರಬೇಕಾಗಿತ್ತು. ಹೋದಲ್ಲಿ ವಿದ್ಯುತ್ತಿನ ಗೂಡನ್ನು ಹುಡುಕಬೇಕಾಗಿತ್ತು. ಎರಡೇ ವರ್ಷಗಳಲ್ಲಿ, ಎಂದರೆ 1983ರಲ್ಲಿ, ಜಪಾನಿನ ಕ್ಯೋಸೆರಾ ಸಂಸ್ಥೆ ತಯಾರಿಸಿ ಅಮೆರಿಕದ ಟ್ಯಾಂಡಿ ಸಂಸ್ಥೆ ಮಾರಿದ ಮಾಡೆಲ್ 100 ಎಂಬ ಯಂತ್ರ ಬಂದಿತು. ತೂಕ ಒಂದೂವರೆ ಕಿಲೋದೊಳಗೆ. ಪರದೆಯ ಮೇಲೆ ಎಂಟೇ ಸಾಲು. ಆದರೆ ಕೀಲಿಮಣೆ ಪೂರ್ಣ ಅಳತೆಯದು. ಗೋಡೆ ಗಡಿಯಾರಕ್ಕೆ ಹಾಕುವಂಥ ನಾಲ್ಕು ಸಣ್ಣ ಸೆಲ್ಲುಗಳಲ್ಲಿ ಸುಮಾರು 20 ಗಂಟೆ ನಡೆಯುತ್ತಿತ್ತು. ಊರೂರು ಸುತ್ತುವ ಪತ್ರಕರ್ತರು ಅದನ್ನು ಬಹುಕಾಲ ಮೆಚ್ಚಿ ಬಳಸಿದರು. 2007ರಲ್ಲಿ ತೈವಾನಿನ ಆಸುಸ್ ಸಂಸ್ಥೆಯ ಈ ಪಿಸಿ 701 ಬಂದಿತು. ಒಂದು ಕಿಲೋಗಿಂತಲೂ ಕಡಿಮೆ ತೂಕ, ಅಗ್ಗದ ಬೆಲೆ, ಜಗತ್ತೇ ಬೆರಗಾಯಿತು. ಆದರೆ 7 ಅಂಗುಲದ ಪರದೆ, ಬೆರಳಿಗೆ ಸಾಲದ ಕೀಲಿಗಳು. ಅದರ ಬಳಗದ ಪುಟ್ಟ ಯಂತ್ರಗಳೆಲ್ಲ ಕೆಲವೇ ವರ್ಷಗಳಲ್ಲಿ ಅಂಗಡಿಗಳಿಂದ ಮರೆಯಾದವು. 2008ರಲ್ಲಿ ಆಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್ ಅವರು ಕಾಗದದ ಲಕೋಟೆಯೊಳಗಿಂದ ಮ್ಯಾಕ್‌ಬುಕ್ ಏರ್ ಯಂತ್ರವನ್ನು ತೆಗೆದು ತೋರಿಸಿದರು. ಅದು 1.36 ಕಿಲೋ ತೂಗಿದರೂ ಕೀಲಿಮಣೆಯನ್ನು ಕುಗ್ಗಿಸಿರಲಿಲ್ಲ. ಅದರ ಸಂತತಿ ಇಂದಿಗೂ ಬಾಳುತ್ತಿದೆ. ಇದರಿಂದ ತಿಳಿಯುವುದಿಷ್ಟು: ಹೊರಲಾರದ ಯಂತ್ರ ಸೋಲುತ್ತದೆ, ಹೊತ್ತೊಯ್ದರೂ ಬರೆಯಲಾಗದ ಯಂತ್ರವೂ ಸೋಲುತ್ತದೆ.

ಹಾಗಾದರೆ ಪರೀಕ್ಷಿಸಬೇಕಾದ ಅಂಶಗಳು ಯಾವುವು? ಮೊದಲನೆಯದು ಕೀಲಿಮಣೆ. ಇಂಗ್ಲಿಷಿಗಿಂತಲೂ ಕನ್ನಡಕ್ಕೆ ಇದು ಮುಖ್ಯ. ಕೆ. ಪಿ. ರಾವ್ ಅವರು ರೂಪಿಸಿದ, ನಮ್ಮಲ್ಲಿ ಬಹುಮಂದಿ ಕಲಿತಿರುವ ವಿನ್ಯಾಸದಲ್ಲಿ ಅಲ್ಪಪ್ರಾಣಕ್ಕೂ ಮಹಾಪ್ರಾಣಕ್ಕೂ ಇರುವ ಅಂತರ ಶಿಫ್ಟ್ ಕೀಲಿಯದು. ಕೆಲವು ಪುಟ್ಟ ಯಂತ್ರಗಳಲ್ಲಿ ಬಲಗಡೆಯ ಶಿಫ್ಟ್ ಕೀಲಿಯನ್ನು ಕಿರುಬೆರಳಿಗೆ ಸಿಗದಂತೆ ಕುಗ್ಗಿಸಿಬಿಟ್ಟಿರುತ್ತಾರೆ. ಅಂಥ ಯಂತ್ರದಲ್ಲಿ ಕನ್ನಡವನ್ನು ಬರೆಯಹೊರಟವನ ಖಡ್ಗ ಕಡ್ಗವಾಗುತ್ತದೆ, ಧನ ದನವಾಗುತ್ತದೆ! ಎರಡನೆಯದು ಪರದೆಯ ಸೂಕ್ಷ್ಮತೆ. ರೋಮನ್ ಅಕ್ಷರಗಳು ಒಂದೇ ಸಾಲಿನಲ್ಲಿ ಕುಳಿತರೆ ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೂ ಇಳಿಯುತ್ತವೆ. 1366ಕ್ಕೆ 768 ಚುಕ್ಕೆಗಳ ಹಳೆಯ ಬಗೆಯ ಪರದೆಯಲ್ಲಿ ಅವು ಕಲೆಸಿದಂತೆ ಕಾಣುತ್ತವೆ. 1920ಕ್ಕೆ 1080, ಸಾಧ್ಯವಾದರೆ 1200, ಚುಕ್ಕೆಗಳಿರುವ ಪರದೆಯನ್ನೇ ಆರಿಸಬೇಕು. ಅಂಗಡಿಯಲ್ಲಿ ನಿಂತೇ ಒಂದು ಪುಟ ಕನ್ನಡವನ್ನು ಬರೆದು ನೋಡುವುದಕ್ಕೆ ಸಂಕೋಚ ಪಡಬಾರದು. ಹಾಲು ಕರೆದು ನೋಡುವುದೆಂದರೆ ಇದೇ.

ಮೂರನೆಯದು ಬ್ಯಾಟರಿ. ಇದರ ಲೆಕ್ಕ ಸುಲಭ. ಬ್ಯಾಟರಿಯ ಸಾಮರ್ಥ್ಯವನ್ನು ವಾಟ್-ಗಂಟೆಗಳಲ್ಲಿ ಬರೆದಿರುತ್ತಾರೆ. 50 ವಾಟ್-ಗಂಟೆಯ ಬ್ಯಾಟರಿಯುಳ್ಳ ಯಂತ್ರವು ಓದುಬರಹಕ್ಕೆ 6 ವಾಟ್ ಎಳೆದರೆ ಎಂಟು ಗಂಟೆ ನಡೆದೀತು. 25 ವಾಟ್ ಎಳೆಯುವ ಯಂತ್ರಕ್ಕೆ ಅದೇ ಬ್ಯಾಟರಿ ಎರಡು ಗಂಟೆಗೆ ಮುಗಿದೀತು. ಬ್ಯಾಟರಿ ವರ್ಷ ವರ್ಷಕ್ಕೆ ಸವೆಯುವುದರಿಂದ, ಐದು ಗಂಟೆ ಬೇಕಾದವನು ಎಂಟು ಗಂಟೆಯದನ್ನು ಕೊಳ್ಳುವುದು ವಿವೇಕ. ಕರೆಂಟು ಯಾವಾಗ ಹೋಗುವುದೋ ತಿಳಿಯದ ನಮ್ಮ ಊರುಗಳಲ್ಲಿ ಇದು ಐಷಾರಾಮವಲ್ಲ. ಚಾರ್ಜರು ಟೈಪ್-ಸಿ ಬಗೆಯದಾಗಿದ್ದರೆ ಇನ್ನೂ ಒಳ್ಳೆಯದು. ಮರೆತು ಬಂದ ದಿನ ಗೆಳೆಯನ ಚಾರ್ಜರು ಒದಗೀತು.

ನಾಲ್ಕನೆಯದು, ಆಮೇಲೆ ಕೂಡಿಸಲಾಗದ ಭಾಗಗಳು. ಇಂದಿನ ತೆಳ್ಳನೆಯ ಯಂತ್ರಗಳಲ್ಲಿ ಸ್ಮೃತಿಯನ್ನು, ಎಂದರೆ ರ‍್ಯಾಮನ್ನು, ಹಲವು ಕಡೆ ಒಳಗಿನ ಹಲಗೆಗೇ ಬೆಸೆದಿರುತ್ತಾರೆ. ಕೊಂಡ ದಿನ 4 ಜಿಬಿ ಇದ್ದರೆ ಕೊನೆಯ ದಿನವೂ 4 ಜಿಬಿಯೇ. ಆದುದರಿಂದ 8 ಜಿಬಿಗೆ ಕಡಿಮೆ ಬೇಡ. ಅನುಕೂಲವಿದ್ದರೆ 16 ಇರಲಿ. ತೀರ ಅಗ್ಗದ ಹಗುರ ಯಂತ್ರಗಳಲ್ಲಿ 64 ಜಿಬಿಯ ನಿಧಾನವಾದ ಸಂಗ್ರಹವನ್ನು ಬೆಸೆದು ಮಾರುವುದುಂಟು. ಅದನ್ನು ಕೊಳ್ಳುವುದು ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡಂತೆ.

ಇಲ್ಲಿ ಒಂದು ಆಕ್ಷೇಪಣೆ ಬರುವುದು ಸಹಜ: ಹಗುರವೂ ಆಗಿ ಗಟ್ಟಿಯೂ ಆದ ಯಂತ್ರಕ್ಕೆ ಬೆಲೆ ಹೆಚ್ಚಲ್ಲವೇ? ಹೌದು, ಹೊಸದಕ್ಕೆ ಹೆಚ್ಚು. ಆದರೆ ಕಚೇರಿಗಳು ಬಳಸಿ ಬಿಟ್ಟ ಹಳೆಯ ಯಂತ್ರಗಳು ಬೆಂಗಳೂರಿನ ಎಸ್. ಪಿ. ರಸ್ತೆಯಂಥ ಕಡೆಗಳಲ್ಲಿ ಹೊಸದಕ್ಕಿಂತ ಎಷ್ಟೋ ಕಡಿಮೆಗೆ ಸಿಗುತ್ತವೆ. ನಾನು ಬಳಸುತ್ತಿರುವುದೂ ಅಂಥದೇ ಒಂದು. ಅಲ್ಲಿಯೂ ವಿವೇಚನೆ ಬೇಕು. ಉದಾಹರಣೆಗೆ, ಲೆನೋವೋ ಸಂಸ್ಥೆಯ ಥಿಂಕ್‌ಪ್ಯಾಡ್ ಎಕ್ಸ್ 270 ಎಂಬ 2017ರ ಯಂತ್ರದಲ್ಲಿ ರ‍್ಯಾಮನ್ನು ಬದಲಿಸಬಹುದು. ಆದರೆ ಅದರ ಸಂಸ್ಕಾರಕವನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದಿಲ್ಲ. 2018ರ ಎಕ್ಸ್ 280 ಇನ್ನೂ ಹಗುರ; ಎಂಟನೆಯ ತಲೆಮಾರಿನ ಸಂಸ್ಕಾರಕವಿದ್ದರೆ ವಿಂಡೋಸ್ 11 ಒಪ್ಪುತ್ತದೆ; ಆದರೆ ರ‍್ಯಾಮ್ ಬೆಸೆದದ್ದು. ವಿಂಡೋಸ್ 10ಕ್ಕೆ ಇದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಈ ಭೇದವನ್ನು ಅಲಕ್ಷಿಸುವಂತಿಲ್ಲ. ಲಿನಕ್ಸ್ ಕಲಿಯುವ ಉತ್ಸಾಹವುಳ್ಳವರಿಗೆ ಮಾತ್ರ ಮೊದಲನೆಯದೂ ಒಳ್ಳೆಯ ಸಂಗಾತಿಯೇ. ಎರಡರಲ್ಲಿ ಯಾವುದನ್ನು ಕೊಂಡರೂ ಹೊಸ ಬ್ಯಾಟರಿಗೆ ಒಂದಿಷ್ಟು ಹಣವನ್ನು ಬೇರೆಯಾಗಿ ತೆಗೆದಿಡಬೇಕು.

ಚಿಕ್ಕ ಪರದೆಯಿಂದ ಕಣ್ಣಿಗೆ ಆಯಾಸವೆಂಬ ಮಾತೂ ಇದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಚಿಕ್ಕ ಯಂತ್ರಕ್ಕೆ ಮನೆಯ ಟಿ. ವಿ.ಯನ್ನು ಒಂದು ತಂತಿಯಿಂದ ಜೋಡಿಸಿ ದೊಡ್ಡದು ಮಾಡಿಕೊಳ್ಳಬಹುದು. ದೊಡ್ಡ ಯಂತ್ರವನ್ನು ಬಸ್ಸಿನಲ್ಲಿ ಚಿಕ್ಕದು ಮಾಡಿಕೊಳ್ಳುವ ಉಪಾಯ ಇನ್ನೂ ಹುಟ್ಟಿಲ್ಲ.

ಕೊನೆಯದಾಗಿ ಒಂದು ವಿನಂತಿ. ನಮ್ಮಲ್ಲಿ ಹಲವರಿಗೆ ಅಂಗಡಿಗೆ ಹೋಗಿ ಹತ್ತು ಯಂತ್ರಗಳನ್ನು ಮುಟ್ಟಿ ನೋಡುವ ಅವಕಾಶವೂ ಇಲ್ಲ, ಧೈರ್ಯವೂ ಇಲ್ಲ. ಪುಸ್ತಕಗಳನ್ನು ಎರವಲು ಕೊಡುವ ನಮ್ಮ ಗ್ರಂಥಾಲಯವು ಬೇರೆ ಬೇರೆ ಅಳತೆಯ ಎರಡು ಮೂರು ಲ್ಯಾಪ್‌ಟಾಪುಗಳನ್ನೂ ಇಟ್ಟು, ಒಬ್ಬೊಬ್ಬರಿಗೆ ಒಂದು ದಿನದ ಮಟ್ಟಿಗೆ ಮನೆಗೆ ಕೊಡುವಂತಾದರೆ ಎಷ್ಟು ಉಪಕಾರವಾದೀತು! ಆ ಒಂದು ದಿನದ ಬಸ್ಸಿನ ಪ್ರಯಾಣ, ಆ ರಾತ್ರಿಯ ಒಂದು ಪುಟ ಬರವಣಿಗೆ ನೂರು ಜಾಹೀರಾತುಗಳಿಗಿಂತ ಹೆಚ್ಚು ಕಲಿಸುತ್ತವೆ. ತಂದೆತಾಯಿಗಳು ಹಾಲು ಅಳೆದು, ಕೂಲಿ ಮಾಡಿ ಕೂಡಿಟ್ಟ ಹಣ ಒಮ್ಮೆ ಮಾತ್ರ ಖರ್ಚಾಗುವಂಥದು. ತಪ್ಪಾದ ಯಂತ್ರ ಬಂದರೆ ಇನ್ನೊಂದನ್ನು ತರುವ ಶಕ್ತಿ ನಮ್ಮ ಮನೆಗಳಿಗಿಲ್ಲ. ಆದುದರಿಂದ, ಗೆಳೆಯರೇ, ನೆರೆಯವನ ಮೇಜಿನ ಮೇಲೆ ಏನಿದೆಯೆಂದು ನೋಡುವುದನ್ನು ಬಿಟ್ಟು, ನಮ್ಮ ಹೆಗಲು ಎಷ್ಟು ಹೊರಬಲ್ಲದು, ನಮ್ಮ ಬೆರಳು ಏನನ್ನು ಬರೆಯಬೇಕಾಗಿದೆ ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಂಡು ಆಮೇಲೆ ಹಣ ಎಣಿಸೋಣ.