‘ಯಾವ ಕ್ಯಾಮೆರಾ?’ ಎಂದವರನ್ನು ನೋಡಿ ನಗುವ ಮುನ್ನ

ಫೋಟೋ ಪ್ರದರ್ಶನವೊಂದು ಮುಗಿದ ಸಂಜೆ, ಗ್ಯಾಲರಿಯ ಎದುರಿನ ಚಹಾದಂಗಡಿಯಲ್ಲಿ ನಾವು ಆರೇಳು ಜನ ನಿಂತಿದ್ದೆವು. ಎಲ್ಲರ ಹೆಗಲಲ್ಲೂ ಕ್ಯಾಮೆರಾ. ಫೋಟೋ ತೆಗೆಯುವವರು ಒಂದೆಡೆ ಸೇರಿದರೆ ಒಂದು ಆಟ ತಾನಾಗಿ ಶುರುವಾಗುತ್ತದೆ. ಫೋಟೋ ತೆಗೆಯದವರು ನಮ್ಮನ್ನು ಕೇಳುವ ಪ್ರಶ್ನೆಗಳನ್ನು ಒಬ್ಬೊಬ್ಬರಾಗಿ ಹೇಳಿ ನಗುವುದು. “ಫೋಟೋ ಸೂಪರ್, ಯಾವ ಕ್ಯಾಮೆರಾ?” “ಇದು ಒರಿಜಿನಲ್ಲಾ, ಎಡಿಟ್ ಮಾಡಿದ್ದಾ?” “ಇಷ್ಟುದ್ದ ಲೆನ್ಸಲ್ಲಿ ಎಷ್ಟು ಕಿಲೋಮೀಟರ್ ಕಾಣತ್ತೆ?” “ನನ್ನ ಮೊಬೈಲಲ್ಲೇ ಇದಕ್ಕಿಂತ ಜಾಸ್ತಿ ಮೆಗಾಪಿಕ್ಸೆಲ್ ಇದೆ, ಇದಕ್ಕ್ಯಾಕೆ ಅಷ್ಟು ದುಡ್ಡು ಸುರಿದೆ?” “ಯಾವ ಪೇಪರಲ್ಲಿ ಬರತ್ತೆ?” ಒಂದೊಂದು ಪ್ರಶ್ನೆಗೂ ಗ್ಲಾಸಿನ ಚಹಾ ಚೆಲ್ಲುವಷ್ಟು ನಗು. ನಾನೂ ನಕ್ಕೆ. ನನ್ನ ಪಾಲಿನ ಎರಡು ಪ್ರಶ್ನೆಗಳನ್ನೂ ಸೇರಿಸಿದೆ.

ಆ ನಗುವಿನ ವಿರುದ್ಧ ಈ ಬರಹ. ನಮ್ಮ ನಡುವೆ ಫೋಟೋಗ್ರಫಿಯನ್ನು ಯಾರಾದರೂ ವಿಮರ್ಶೆ ಮಾಡುತ್ತಿದ್ದರೆ ಅದು ಈ ‘ದಡ್ಡ’ ಪ್ರಶ್ನೆ ಕೇಳುವವರೇ ಎಂಬುದು ನನ್ನ ವಾದ. ಒಂದು ಕವಿತೆ ಬಂದರೆ ಅದರ ಲಯ, ರೂಪಕ, ರಾಜಕಾರಣ ಎಲ್ಲವನ್ನೂ ಜಾಲಾಡುವ ನಾವು, ಫೋಟೋ ಕಂಡರೆ “ವಾಹ್, ಅದ್ಭುತ ಕ್ಲಿಕ್” ಎಂದು ಮುಂದೆ ಹೋಗುತ್ತೇವೆ. ತೇಜಸ್ವಿ ಹಕ್ಕಿಗಳ ಫೋಟೋ ತೆಗೆಯುತ್ತಿದ್ದರು ಎಂಬುದು ನಮಗೆಲ್ಲ ಗೊತ್ತು. ಮೈಸೂರಿನ ಟಿ.ಎಸ್. ಸತ್ಯನ್ ದೇಶದ ದೊಡ್ಡ ಪತ್ರಿಕಾ ಛಾಯಾಗ್ರಾಹಕರಲ್ಲಿ ಒಬ್ಬರು ಎಂಬುದೂ ಗೊತ್ತು. ಆದರೆ ಅವರ ಒಂದು ಚಿತ್ರವನ್ನು ಎದುರಿಗಿಟ್ಟುಕೊಂಡು ಅರ್ಧ ಗಂಟೆ ಮಾತಾಡಿದ ತರಗತಿಯಲ್ಲಿ ನಾನು ಕೂತಿಲ್ಲ. ಹೀಗಿರುವಾಗ ಪಕ್ಕದ ಮನೆಯ ಅಂಕಲ್ ಕೇಳುವ ಪ್ರಶ್ನೆಯನ್ನೂ ನಕ್ಕು ತಳ್ಳಿಹಾಕಿದರೆ ಉಳಿಯುವುದು ನಾವು, ನಮ್ಮ ಲೈಕುಗಳು.

ಮೊದಲು “ಯಾವ ಕ್ಯಾಮೆರಾ?” ತೆಗೆದುಕೊಳ್ಳಿ. ಇದಕ್ಕೆ ನಮ್ಮ ಬಳಗದಲ್ಲಿ ಸಿದ್ಧ ಉತ್ತರವಿದೆ: “ಸಾರು ಚೆನ್ನಾಗಿದೆ, ಯಾವ ಪಾತ್ರೆಯಲ್ಲಿ ಮಾಡಿದಿರಿ ಅಂತ ಕೇಳ್ತೀರಾ?” ಉತ್ತರ ಚುರುಕಾಗಿದೆ, ಆದರೆ ಪ್ರಾಮಾಣಿಕವಲ್ಲ. ಫೋಟೋ ತೆಗೆಯುವುದು ಯಂತ್ರವೇ ಹೊರತು ಮನುಷ್ಯನಲ್ಲ ಎಂಬ ನಂಬಿಕೆಯನ್ನು ಜನ ತಾವಾಗಿ ಹುಟ್ಟಿಸಿಕೊಂಡವರಲ್ಲ. 1888ರಲ್ಲಿ ಕೊಡಕ್ ತನ್ನ ಮೊದಲ ಪೆಟ್ಟಿಗೆ ಕ್ಯಾಮೆರಾ ಮಾರಿದ್ದೇ ಆ ಮಾತು ಹೇಳಿ. ಗುಂಡಿ ಒತ್ತುವುದಷ್ಟೇ ನಿಮ್ಮ ಕೆಲಸ, ಮಿಕ್ಕಿದ್ದು ನಮ್ಮದು ಎಂಬ ಜಾಹೀರಾತು ಅದು. ಒಳಗೆ ನೂರು ಚಿತ್ರಗಳ ಫಿಲ್ಮ್ ತುಂಬಿಸಿಯೇ ಕೊಡುತ್ತಿದ್ದರು. ಮುಗಿದ ಮೇಲೆ ಕ್ಯಾಮೆರಾವನ್ನೇ ಕಂಪನಿಗೆ ಕಳಿಸಬೇಕು, ಅವರು ಪ್ರಿಂಟು ಹಾಕಿ, ಹೊಸ ಫಿಲ್ಮ್ ತುಂಬಿ ವಾಪಸ್ಸು ಕೊಡುವರು. ಅಂದಿನಿಂದ ಇಂದಿನ ಮೊಬೈಲ್ ಜಾಹೀರಾತಿನವರೆಗೆ ನೂರಾ ಮೂವತ್ತು ವರ್ಷಕ್ಕೂ ಮಿಕ್ಕಿ ಜನರ ಕಿವಿಗೆ ಇದೇ ಬಿದ್ದಿದೆ.

ಹೋಗಲಿ, ನಾವೇನು ಕಡಿಮೆಯೇ? ಆ ಸಂಜೆ ಪ್ರದರ್ಶನದಲ್ಲಿ ನಮ್ಮ ಬಾಯಿಂದ ಬಂದ ಮೊದಲ ಪ್ರಶ್ನೆ ನೆನಪಿಸಿಕೊಂಡೆ. “ಇದು ಯಾವ ಲೆನ್ಸು, ಎಂಬತ್ತೈದಾ?” ಫೋಟೋದ ಕೆಳಗೆ ಐಎಸ್‌ಒ ಎಷ್ಟು, ಅಪರ್ಚರ್ ಎಷ್ಟು ಎಂದು ಬರೆದು ಹಾಕುವವರು ನಾವು. ಎದುರಿಗಿದ್ದವರ ಹೆಸರು ಏನೆಂದು ಬರೆಯದವರೂ ನಾವು. ಅಂಕಲ್ ಕೇಳಿದ್ದನ್ನೇ ನಾವು ಇನ್ನಷ್ಟು ಅಂಕಿಗಳನ್ನು ಸೇರಿಸಿ ಕೇಳುತ್ತೇವೆ.

ಎರಡನೆಯದು, “ಒರಿಜಿನಲ್ಲಾ?” ಇದಕ್ಕೂ ನಮ್ಮ ಹತ್ತಿರ ಉಡಾಫೆಯ ಉತ್ತರವಿದೆ: “ಎಲ್ಲಾ ಫೋಟೋನೂ ಎಡಿಟೆಡ್ಡೇ.” ಮಾತು ನಿಜ. 1850ರ ದಶಕದಲ್ಲೇ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು, ಎರಡನ್ನೂ ಸೇರಿಸಿ ಒಂದೇ ಚಿತ್ರ ಮಾಡುತ್ತಿದ್ದ. ಆಗಿನ ರಾಸಾಯನಿಕಗಳಲ್ಲಿ ಎರಡೂ ಒಟ್ಟಿಗೆ ಸರಿಯಾಗಿ ಮೂಡುತ್ತಿರಲಿಲ್ಲ. ತೆಗೆದ ಚೌಕಟ್ಟನ್ನು ಆಮೇಲೆ ಕತ್ತರಿಸಬಾರದು ಎಂದು ಪಟ್ಟು ಹಿಡಿದಿದ್ದ ಹೆನ್ರಿ ಕಾರ್ತಿಯೆ ಬ್ರೆಸಾನ್‌ನ ಅತಿ ಪ್ರಸಿದ್ಧ ಚಿತ್ರಗಳಲ್ಲಿ ಒಂದಾದ, 1932ರ ನೀರಿನ ಮೇಲೆ ಜಿಗಿಯುವ ಮನುಷ್ಯನ ಚಿತ್ರ, ಕತ್ತರಿಸಿದ್ದೇ. ಬೇಲಿಯ ಸಂದಿಯಲ್ಲಿ ಕ್ಯಾಮೆರಾ ತೂರಿಸಿ ತೆಗೆದದ್ದರಿಂದ ಒಂದು ಬದಿಗೆ ಬೇಲಿಯೇ ಅಡ್ಡ ಬಂದಿತ್ತು.

ಆದರೆ “ಎಲ್ಲವೂ ಎಡಿಟೆಡ್ಡೇ” ಎನ್ನುವುದು ನಿಜವಾದರೂ ಕೇಳಿದವರಿಗೆ ಅದು ಉತ್ತರವಲ್ಲ. ಅವರು ತಂತ್ರಾಂಶದ ಬಗ್ಗೆ ಕೇಳುತ್ತಿಲ್ಲ. ಈ ಸೂರ್ಯ, ಈ ಹಕ್ಕಿ, ಈ ಮನುಷ್ಯ ಒಂದು ದಿನ ಒಂದು ಜಾಗದಲ್ಲಿ ನಿನ್ನ ಎದುರಿಗೆ ನಿಜಕ್ಕೂ ಇದ್ದರೇ ಎಂದು ಕೇಳುತ್ತಿದ್ದಾರೆ. 2023ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸೆನ್ ಎಂಬ ಕಲಾವಿದ, ಕೃತಕ ಬುದ್ಧಿಮತ್ತೆಯಿಂದ ಮಾಡಿದ ಚಿತ್ರವನ್ನು ಸೋನಿ ವರ್ಲ್ಡ್ ಫೋಟೋಗ್ರಫಿ ಸ್ಪರ್ಧೆಗೆ ಕಳಿಸಿ, ಒಂದು ವಿಭಾಗದಲ್ಲಿ ಗೆದ್ದು, ಆಮೇಲೆ ಪ್ರಶಸ್ತಿಯನ್ನು ನಿರಾಕರಿಸಿದ. ತೀರ್ಪುಗಾರರ ಕೋಣೆಯಲ್ಲಿ ಗಟ್ಟಿಯಾಗಿ ಕೇಳಬೇಕಿದ್ದದ್ದು ನಮ್ಮ ಅಂಕಲ್ ಕೇಳುವ ಪ್ರಶ್ನೆಯನ್ನೇ ಅಲ್ಲವೇ? ನಾನು ಈಗ ಆ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತೇನೆ. ಬೆಳಕು ಸ್ವಲ್ಪ ಏರಿಸಿದ್ದೇನೆ, ಎಡಗಡೆಯ ಕಂಬ ಕತ್ತರಿಸಿದ್ದೇನೆ, ಹಕ್ಕಿ ಅಲ್ಲೇ ಇತ್ತು. ಇಷ್ಟು ಹೇಳಲು ಅರ್ಧ ನಿಮಿಷ ಸಾಕು.

ಮೂರನೆಯ ಪ್ರಶ್ನೆಯನ್ನು ಮದುವೆಮನೆಗಳಲ್ಲಿ ಕೇಳಿರುತ್ತೀರಿ. “ಸ್ವಲ್ಪ ಬೆಳ್ಳಗೆ ಮಾಡ್ತೀರಾ?” ಇದಕ್ಕೆ ನಾವು ನಗುವುದು ಬಹಳ ಕ್ರೂರ ನಗು. ಕೇಳಿದವಳಿಗೆ ತನ್ನ ಬಣ್ಣದ ಬಗ್ಗೆ ಕೀಳರಿಮೆ, ನಮಗೆ ಮಾತ್ರ ಸೌಂದರ್ಯಪ್ರಜ್ಞೆ ಎಂಬಂತೆ. ಬಣ್ಣದ ಫಿಲ್ಮಿನ ಚರಿತ್ರೆಯನ್ನೊಮ್ಮೆ ನೋಡಿ. 1950ರ ದಶಕದಿಂದ ಕೊಡಕ್ ತನ್ನ ಲ್ಯಾಬುಗಳಿಗೆ ಒಂದು ಮಾದರಿ ಚಿತ್ರ ಕಳಿಸುತ್ತಿತ್ತು, ಬಿಳಿಯ ಹೆಣ್ಣೊಬ್ಬಳ ಚಿತ್ರ. ಮೊದಲ ರೂಪದರ್ಶಿಯ ಹೆಸರಿನಿಂದ ಅದಕ್ಕೆ ‘ಶರ್ಲಿ ಕಾರ್ಡ್’ ಎಂದೇ ಹೆಸರಾಯಿತು. ಅವಳ ಚರ್ಮ ಸರಿಯಾಗಿ ಮೂಡಿತೆಂದರೆ ಬಣ್ಣಗಳೆಲ್ಲ ಸರಿ ಎಂದು ಲೆಕ್ಕ. ಕಪ್ಪು, ಕಂದು ಚರ್ಮದವರ ಮುಖ ಅದೇ ಫಿಲ್ಮಿನಲ್ಲಿ ಕೆಸರಿನಂತೆ ಮಸುಕಾಗಿ ಬರುತ್ತಿತ್ತು. ಅದನ್ನು ಸರಿಪಡಿಸಲು ಕಾರಣವಾದದ್ದರಲ್ಲಿ ಚಾಕೊಲೇಟು ಮತ್ತು ಮರದ ಪೀಠೋಪಕರಣ ಮಾರುವವರ ದೂರುಗಳೂ ಸೇರಿದ್ದವು ಎಂಬುದು ನಗು ಬರಿಸುವ, ನಗಬಾರದ ಸಂಗತಿ. ಇಂದಿಗೂ ಅನೇಕ ಮೊಬೈಲುಗಳು ಕೇಳದೆಯೇ ಮುಖವನ್ನು ನಯವಾಗಿಸಿ ಬೆಳ್ಳಗಾಗಿಸುತ್ತವೆ. ಹೀಗೆ ಯಂತ್ರವೇ ಕಲಿಸಿದ ಆಸೆಯನ್ನು ಒಬ್ಬ ಮದುಮಗಳು ಬಾಯಿಬಿಟ್ಟು ಹೇಳಿದರೆ ಅವಳು ನಗೆಪಾಟಲು. ಅವಳಿಗೆ ಹೇಳಬೇಕಾದ್ದು “ಮಾಡಲ್ಲ” ಎಂದಲ್ಲ, “ಬನ್ನಿ, ಈ ಕಿಟಕಿ ಪಕ್ಕ ನಿಲ್ಲಿ” ಎಂದು. ಒಳ್ಳೆಯ ಬೆಳಕಿನಲ್ಲಿ ತನ್ನ ಬಣ್ಣದಲ್ಲೇ ತನ್ನನ್ನು ನೋಡಿದ ಮೇಲೂ ಅವಳು ಕೇಳಿದರೆ ಆಮೇಲೆ ವಾದ ಮಾಡೋಣ.

ಎಲ್ಲ ಪ್ರಶ್ನೆಗಳನ್ನೂ ನಾನು ಸಮರ್ಥಿಸುತ್ತಿಲ್ಲ. “ನೀನು ಹೆಂಗೂ ಮದುವೆಗೆ ಬರ್ತೀಯಲ್ಲ, ಕ್ಯಾಮೆರಾನೂ ತಗೊಂಡ್ಬಾ” ಎಂಬುದು ನೋಡಲು ಆಹ್ವಾನ, ಆಳದಲ್ಲಿ ಬಿಟ್ಟಿ ಚಾಕರಿ. ಬೆಳಗಿನ ಐದರಿಂದ ರಾತ್ರಿ ಹತ್ತರವರೆಗೆ ನಿಂತ ಮದುವೆ ಫೋಟೋಗ್ರಾಫರನನ್ನು “ಇನ್ನೂ ಆಲ್ಬಮ್ ಕೊಟ್ಟಿಲ್ಲ” ಎಂದು ಬಯ್ಯುವವರು, “ನಿಂದು ಊಟ ಆಯ್ತಾ?” ಎಂದು ಕೇಳಿದ್ದು ನಾನು ಕಂಡದ್ದು ಕಡಿಮೆ. ಈ ವಿಷಯದಲ್ಲಿ ಸಿಟ್ಟು ನ್ಯಾಯವೇ. ಆದರೆ ಗಮನಿಸಿ, ಆ ಸಿಟ್ಟು ಶ್ರಮಕ್ಕೆ ಬೆಲೆ ಕೊಡದವರ ಮೇಲಿನದು. ನಮ್ಮ ತಮಾಷೆಯ ಪಟ್ಟಿಯಲ್ಲಿರುವ ಹೆಚ್ಚಿನವರು ಅವರಲ್ಲ.

ನಾವು ಅತಿ ಹೆಚ್ಚು ನಗುವುದು ಲೆನ್ಸಿನ ಆಚೆ ನಿಂತವರು ಕೇಳುವ ಪ್ರಶ್ನೆಗಳಿಗೆ. “ನಂದ್ಯಾಕ ಹೊಡೀತಿ?” “ಇದರಿಂದ ನಿನಗೆಷ್ಟು ಬರ್ತದ?” “ನನಗ್ಯಾವಾಗ ಕೊಡ್ತಿ?” ಅವತ್ತು ಚಹಾದಂಗಡಿಯಲ್ಲಿ ನಾನು ಸೇರಿಸಿದ ಎರಡು ಪ್ರಶ್ನೆಗಳಲ್ಲಿ ಒಂದು ಇದೇ.

ಅದನ್ನು ಕೇಳಿದವಳು ಬಾದಾಮಿ ಹತ್ತಿರದ ಬನಶಂಕರಿಯಲ್ಲಿ ರೊಟ್ಟಿ ಮಾರುವ ಅಜ್ಜಿ. ಗುಡಿಗೆ ಹೋದವರಿಗೆ ಗೊತ್ತು, ಅಲ್ಲಿ ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಲ್ಯ, ಚಟ್ನಿ, ಪುಟ್ಟ ಮಣ್ಣಿನ ಕುಡಿಕೆಯಲ್ಲಿ ಮೊಸರು ಇಟ್ಟುಕೊಂಡು ಹೆಂಗಸರು ಕೂತಿರುತ್ತಾರೆ. ಕ್ಷೇತ್ರಕಾರ್ಯಕ್ಕೆಂದು ಬನದ ಹುಣ್ಣಿಮೆಯ ಜಾತ್ರೆಗೆ ಹೋಗಿದ್ದೆ. ಊಟ ಮಾಡಿ, ದುಡ್ಡು ಕೊಟ್ಟು, ಕೇಳದೆ ಅವಳ ಮುಖದ ನಾಲ್ಕು ಫೋಟೋ ತೆಗೆದೆ. ಅವಳೆಂದಳು: “ತಂಗಿ, ರೊಟ್ಟಿ ತಿಂದಿ, ರೊಕ್ಕ ಕೊಟ್ಟಿ. ಫೋಟೋ ಹೊಡದಿ, ಅದಕ್ಕೇನ ಕೊಡ್ತಿ?” ನಾನು ನಕ್ಕು, “ಪ್ರಿಂಟ್ ತಂದುಕೊಡ್ತೀನಜ್ಜಿ” ಅಂದೆ. ಎರಡು ವರ್ಷ ತಂದುಕೊಡಲಿಲ್ಲ. ಆ ನಡುವೆ ಆ ಚಿತ್ರ, ಸುಕ್ಕುಗಳ ಸಮೀಪನೋಟ, ‘ಬದುಕು’ ಎಂಬ ಶೀರ್ಷಿಕೆಯಲ್ಲಿ ಒಂದು ಪ್ರದರ್ಶನದ ಗೋಡೆ ಏರಿತು. ನಾನು ಹೇಳಿದ ಆ ಸಂಜೆ ನಮ್ಮ ಬೆನ್ನ ಹಿಂದಿನ ಗ್ಯಾಲರಿಯಲ್ಲಿ ಇದ್ದದ್ದು ಅದೇ ಚಿತ್ರ. ಅಂದರೆ ಅವಳ ಫೋಟೋ ಒಳಗೆ ತೂಗುಹಾಕಿ, ಹೊರಗೆ ಅವಳ ಪ್ರಶ್ನೆ ಹೇಳಿ ನಾವು ನಗುತ್ತಿದ್ದೆವು.

ಈ ಪ್ರಶ್ನೆಗೂ ಒಂದು ಚರಿತ್ರೆ ಇದೆ. 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ, ಕೂಲಿಕಾರರ ಬಿಡಾರದಲ್ಲಿ, ಡೊರೊಥಿಯಾ ಲ್ಯಾಂಗ್ ತೆಗೆದ ತಾಯಿಮಕ್ಕಳ ಚಿತ್ರ ‘ಮೈಗ್ರಂಟ್ ಮದರ್’ ಎಂದು ಲೋಕಪ್ರಸಿದ್ಧವಾಯಿತು. ಅಮೆರಿಕದ ಬಡತನ ಅಂದರೆ ಇವತ್ತಿಗೂ ಕಣ್ಣಿಗೆ ಬರುವುದು ಆ ಮುಖ. ಚಿತ್ರದ ಮೂಲೆಯಲ್ಲಿ ಕಾಣುತ್ತಿದ್ದ ಒಂದು ಹೆಬ್ಬೆರಳು ಚಂದ ಕೆಡಿಸುತ್ತದೆಂದು ಲ್ಯಾಂಗ್ ಅದನ್ನು ನೆಗೆಟಿವ್‌ನಲ್ಲೇ ತಿದ್ದಿಸಿ ಮಸುಕಾಗಿಸಿದಳು. ಹೆಬ್ಬೆರಳಿನ ಬಗ್ಗೆ ಇಷ್ಟು ಎಚ್ಚರ ವಹಿಸಿದವಳು ಆ ತಾಯಿಯ ಹೆಸರು ಕೇಳಿರಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಮ್ಸನ್ ಎಂಬ ಆ ಹೆಸರು ಲೋಕಕ್ಕೆ ಗೊತ್ತಾದದ್ದು 1978ರಲ್ಲಿ. ಆಗ ಅವಳು ಹೇಳಿದ್ದರ ಸಾರ ಇಷ್ಟು: ಆ ಫೋಟೋ ತೆಗೆಯದಿದ್ದರೇ ಚೆನ್ನಾಗಿತ್ತು, ನನಗೆ ಅದರಿಂದ ಒಂದು ಕಾಸೂ ಬರಲಿಲ್ಲ, ಒಂದು ಪ್ರತಿ ಕಳಿಸುತ್ತೇನೆ ಎಂದಿದ್ದಳು, ಕಳಿಸಲಿಲ್ಲ. ಲ್ಯಾಂಗ್ ಸರ್ಕಾರಿ ಕೆಲಸಕ್ಕಾಗಿ ಹೋಗಿದ್ದವಳು, ಅವಳ ಉದ್ದೇಶ ಒಳ್ಳೆಯದೇ ಇತ್ತು. ನನ್ನದೂ ಒಳ್ಳೆಯದೇ ಇತ್ತು. ಆದರೂ ಫೋಟೋದ ಪ್ರತಿಯನ್ನು ಇಬ್ಬರೂ ಕಳಿಸಲಿಲ್ಲ.

ಇನ್ನೂ ಹಿಂದಕ್ಕೆ ಹೋದರೆ, 1868ರಿಂದ 1875ರವರೆಗೆ ಬ್ರಿಟಿಷ್ ಆಡಳಿತ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಎಂಟು ಸಂಪುಟ ಹೊರತಂದಿತು. ನಮ್ಮ ಜನರ ಮುಖಗಳನ್ನು ಜಾತಿ, ಬುಡಕಟ್ಟುಗಳ ಲೆಕ್ಕದಲ್ಲಿ ವಿಂಗಡಿಸಿ, ಇವರು ನಂಬಿಗಸ್ತರು, ಇವರು ಕಿಡಿಗೇಡಿಗಳು ಎಂಬ ಧಾಟಿಯಲ್ಲಿ ಟಿಪ್ಪಣಿ ಬರೆದ ಪುಸ್ತಕ ಅದು. ಅಲ್ಲಿರುವವರಲ್ಲಿ ಯಾರಾದರೂ “ನನ್ನದ್ಯಾಕೆ?” ಎಂದು ಕೇಳಿದ್ದರೆ ಆ ಮಾತು ಪುಸ್ತಕಕ್ಕೆ ಬಂದಿಲ್ಲ. ಇವತ್ತು ಒಬ್ಬ ಅಜ್ಜಿ ಗಟ್ಟಿಯಾಗಿ ಕೇಳುತ್ತಾಳೆ. ಅದನ್ನು ನಾವು ‘ತಮಾಷೆಯ ಪ್ರಶ್ನೆ’ಯ ಖಾತೆಗೆ ಹಾಕುತ್ತೇವೆ.

ಮರುವರ್ಷ ಜಾತ್ರೆಗೆ ಪ್ರಿಂಟ್ ಹಿಡಿದುಕೊಂಡು ಹೋದೆ. ಅಜ್ಜಿ ಅದೇ ಜಾಗದಲ್ಲಿದ್ದಳು. ಸೆರಗಿನಿಂದ ಕೈ ಒರೆಸಿಕೊಂಡು, ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. ಪ್ರದರ್ಶನದಲ್ಲಿ ಎಲ್ಲರೂ ಹೊಗಳಿದ ಚಿತ್ರ. ಅವಳು ಕೇಳಿದ್ದು: “ಬುಟ್ಟಿ ಎಲ್ಲೈತಿ?”

ಬುಟ್ಟಿಯನ್ನು ನಾನೇ ಕತ್ತರಿಸಿ ಹಾಕಿದ್ದೆ. ಸುಕ್ಕುಗಳು ಎದ್ದು ಕಾಣಲಿ ಎಂದು. “ಬುಟ್ಟಿ ಇಲ್ಲಂದ್ರ ನಾ ಯಾರಂತ ಗೊತ್ತಾಗ್ಬೇಕವ್ವಾ? ಯಾರೋ ಅಳೂ ಮುದಿಕಿ ಅಂತಾರ” ಎಂದಳು. ಪಕ್ಕದಲ್ಲಿ ಕೂತ ಹೆಂಗಸರೆಲ್ಲ ನಕ್ಕರು. ಈ ಸಲ ನಗೆಪಾಟಲಾದವಳು ನಾನು. ಚೌಕಟ್ಟಿನ ಬಗ್ಗೆ ನನಗೆ ಸಿಕ್ಕ ಅತ್ಯಂತ ಖಚಿತವಾದ ವಿಮರ್ಶೆ ಅದು.

ಬುಟ್ಟಿ, ಕುಡಿಕೆ, ಪಕ್ಕದ ಹೆಂಗಸರು ಎಲ್ಲ ಬರುವಂತೆ ಇನ್ನೊಂದು ತೆಗೆದೆ, ಈ ಸಲ ಕೇಳಿ. ಅಜ್ಜಿ ತಲೆ ಮೇಲೆ ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಳು. ಫೋಟೋ ಅಂಥ ವಿಶೇಷವಾಗೇನೂ ಬಂದಿಲ್ಲ, ಬಿಸಿಲು ನೇರ ಬಿದ್ದಿದೆ, ಹಿಂದೆ ಯಾರದೋ ಬೈಕು ಇದೆ. ಯಾವ ಪ್ರದರ್ಶನಕ್ಕೂ ಆಗುವಂಥದ್ದಲ್ಲ. ಬಾದಾಮಿಯ ಸ್ಟುಡಿಯೋ ಒಂದರಲ್ಲಿ ಅವತ್ತೇ ಪ್ರಿಂಟ್ ಹಾಕಿಸಿ, ಸಂಜೆ ಬಸ್ಸು ಹಿಡಿಯುವ ಮುನ್ನ ಕೊಟ್ಟು ಬಂದೆ.